ಮೊದಲ ಕಂತು ಮುಂದಿನ ವಾರವೇ ಯಾಕೆ? ಕಿರುಸಾಲ ಸಂಸ್ಥೆಗಳನ್ನು ನಡೆಸುವವರಿಗೊಂದು ಬಹಿರಂಗ ಪತ್ರ

ಕಿರುಸಾಲ (ಮೈಕ್ರೋಫೈನಾನ್ಸ್) ಸಂಸ್ಥೆಗಳ ಮುಖ್ಯಸ್ಥರಿಗೆ, ಅವುಗಳಿಗೆ ನಿಯಮ ಬರೆಯುವವರಿಗೆ,

ನಮಸ್ಕಾರ.

ನಾನು ಹನ್ನೊಂದು ವರ್ಷ ನಿಮ್ಮಂಥದ್ದೇ ಒಂದು ಸಂಸ್ಥೆಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದವನು. ಬೆಳಿಗ್ಗೆ ಏಳು ಗಂಟೆಗೆ ಸಾಲ ತಗೊಂಡ ಗುಂಪಿನ ಜೊತೆ ಮೊದಲ ಮೀಟಿಂಗ್. ಗುಂಪಿನವರು ಪಾಸ್‌ಬುಕ್ ಹಿಡಿದು ಕೂತಿರುತ್ತಿದ್ದರು. ನಾನು ಕಂತು ಎಣಿಸಿ, ರಸೀದಿ ಹರಿದು ಕೊಟ್ಟು, ಮುಂದಿನ ಮೀಟಿಂಗಿಗೆ ಬೈಕ್ ತಿರುಗಿಸುತ್ತಿದ್ದೆ. ಮಧ್ಯಾಹ್ನದೊಳಗೆ ಮೂರೋ ನಾಲ್ಕೋ ಮೀಟಿಂಗ್ ಮುಗಿಯಬೇಕು, ಸಂಜೆ ಲೆಕ್ಕ ತಾಳೆಯಾಗಬೇಕು. ಆ ಕೆಲಸ ಬಿಟ್ಟು ಈಗ ಸಣ್ಣಪುಟ್ಟ ವ್ಯಾಪಾರದವರಿಗೆ ಲೆಕ್ಕ ಬರೆದುಕೊಡುತ್ತೇನೆ. ಆಗ ಅವರ ಕೈಯಿಂದ ಕಂತು ಎಣಿಸಿಕೊಳ್ಳುತ್ತಿದ್ದೆ. ಈಗ ಆ ಕಂತು ಅವರ ಕೈಗೆ ಎಲ್ಲಿಂದ ಬಂತು ಅಂತ ಎಣಿಸುತ್ತೇನೆ.

ಈ ಎರಡನೆಯ ಲೆಕ್ಕ ಶುರು ಮಾಡಿದ ಮೇಲೆಯೇ ನಿಮಗೊಂದು ಪತ್ರ ಬರೆಯಬೇಕು ಅನ್ನಿಸಿದ್ದು.

ಕೇಳಬೇಕಾದ್ದು ಬೇಕಾದಷ್ಟಿದೆ. ಆದರೆ ಮುಖ್ಯವಾದದ್ದು ಒಂದೇ. ವ್ಯಾಪಾರ ಬೆಳೆಯಲಿ ಅಂತ ತಾನೇ ಸಾಲ ಕೊಡುತ್ತೀರಿ? ಹಾಗಿದ್ದರೆ ಮೊದಲ ಕಂತು ಮುಂದಿನ ವಾರವೇ ಯಾಕೆ?

ತಪ್ಪು ತಿಳಿಯಬೇಡಿ, ಕಿರುಸಾಲವನ್ನು ಬೈಯುವುದಕ್ಕೆ ಕೂತವನಲ್ಲ ನಾನು. ಬೈಯುವವರಲ್ಲಿ ಎಷ್ಟೋ ಮಂದಿ ಅಡಮಾನಕ್ಕೆ ಏನೂ ಇಲ್ಲದೆ ಬ್ಯಾಂಕಿನ ಬಾಗಿಲಿಂದ ವಾಪಸ್ ಬಂದವರಲ್ಲ. ಬೆಳಿಗ್ಗೆ ಕೈಗಡ ತಂದು, ಸಂಜೆ ಬಡ್ಡಿ ಸಮೇತ ಕೊಟ್ಟು, ಮರುದಿನ ಬೆಳಿಗ್ಗೆ ಮತ್ತೆ ಅದೇ ಮನುಷ್ಯನ ಮುಂದೆ ಕೈ ಚಾಚುವವರ ಲೆಕ್ಕವನ್ನು ಒಂದು ತಿಂಗಳು ಬರೆದು ನೋಡಿ. ದುಡಿದದ್ದರಲ್ಲಿ ದೊಡ್ಡ ಪಾಲು ಎಲ್ಲಿ ಸೋರುತ್ತಿದೆ ಅಂತ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಅಂಥವರಿಗೆ ನಿಮ್ಮ ಸಾಲ ಸಿಕ್ಕ ದಿನವೇ ಆ ಸೋರಿಕೆ ನಿಲ್ಲುತ್ತದೆ. ವ್ಯಾಪಾರ ಒಂದಿಷ್ಟೂ ಜಾಸ್ತಿಯಾಗದಿದ್ದರೂ ಕೈಯಲ್ಲಿ ಉಳಿಯುವುದು ಜಾಸ್ತಿಯಾಗುತ್ತದೆ.

ಆಮೇಲೆ ಸರಕಿನ ವಿಷಯ. ದಿನಾ ಚೂರು ಚೂರು ತರುವವನಿಗೆ ಒಂದು ದರ, ಒಟ್ಟಿಗೆ ತರುವವನಿಗೆ ಇನ್ನೊಂದು. ಉದ್ರಿ ಕೊಡುವ ಹೋಲ್‌ಸೇಲಿನವನು ಕೊಟ್ಟ ಸರಕನ್ನೇ ಬಾಯಿ ಮುಚ್ಚಿಕೊಂಡು ತಗೊಳ್ಳಬೇಕು. ಕೈಯಲ್ಲಿ ನಗದಿದ್ದರೆ ನಾಲ್ಕು ಕಡೆ ಕೇಳಬಹುದು, ಚೆನ್ನಾಗಿಲ್ಲದ್ದನ್ನು ಬೇಡ ಅನ್ನಬಹುದು. ಗಿರಾಕಿ ಬಂದು ಕೇಳಿದ್ದು ಇಲ್ಲ ಅನ್ನುವ ಸಂದರ್ಭ ಕಡಿಮೆಯಾಗುತ್ತದೆ. ನಾಲ್ಕು ಸಲ ಇಲ್ಲ ಅನ್ನಿಸಿಕೊಂಡ ಗಿರಾಕಿ ಐದನೇ ಸಲ ಬರುವುದಿಲ್ಲ. ಸಣ್ಣ ವ್ಯಾಪಾರ ಬೆಳೆಯುವುದೂ ಸೊರಗುವುದೂ ಬಹಳ ಮಟ್ಟಿಗೆ ಇಲ್ಲೇ.

ಚಿಕ್ಕ ಬಂಡವಾಳಕ್ಕೆ ದೊಡ್ಡ ಶಕ್ತಿ ಇದೆ ಅನ್ನುವುದು ಸುಮ್ನೆ ಮಾತಲ್ಲ. 2005ರಲ್ಲಿ ಶ್ರೀಲಂಕಾದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಪುಟ್ಟ ವ್ಯಾಪಾರಗಳನ್ನು ಚೀಟಿ ಎತ್ತಿ ಆರಿಸಿ, ಅವಕ್ಕೆ ಸ್ವಲ್ಪ ದುಡ್ಡನ್ನೋ ಸಾಮಾನನ್ನೋ ಉಚಿತವಾಗಿ ಕೊಟ್ಟು, ಮುಂದೇನಾಗುತ್ತದೆ ಅಂತ ನೋಡಿದರು. ಹಾಕಿದ ಬಂಡವಾಳಕ್ಕೆ ತಿಂಗಳಿಗೆ ಹತ್ತಿರ ಹತ್ತಿರ ಶೇ. 5ರಷ್ಟು ಆದಾಯ ಬಂತು. ವರ್ಷಕ್ಕಲ್ಲ, ತಿಂಗಳಿಗೆ. ನಿಮ್ಮ ಬಡ್ಡಿ ದುಬಾರಿ ಅನ್ನಿಸಿದರೂ ಜನ ಯಾಕೆ ಸಾಲಿನಲ್ಲಿ ನಿಂತು ತಗೊಳ್ಳುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಹಸಿದ ಹೊಲಕ್ಕೆ ಮೊದಲ ಮಳೆ ಬಿದ್ದ ಹಾಗೆ. ಹತ್ತನೇ ಮಳೆಗೆ ಅಷ್ಟು ಬೆಲೆ ಇರುವುದಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ವಿಚಿತ್ರ ಕಂಡಿತ್ತು. ಗಂಡಸರ ವ್ಯಾಪಾರಕ್ಕೆ ಆದಾಯ ಬಂತು, ಹೆಂಗಸರ ವ್ಯಾಪಾರಕ್ಕೆ ಬರಲಿಲ್ಲ. ಹೆಂಗಸರಿಗೆ ವ್ಯಾಪಾರ ಗೊತ್ತಿಲ್ಲ ಅಂತ ಕೆಲವರು ಷರಾ ಬರೆದುಬಿಟ್ಟರು. 2019ರಲ್ಲಿ ಬೇರೆಯವರು ಭಾರತ, ಶ್ರೀಲಂಕಾ, ಘಾನಾ ದೇಶಗಳ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದಾಗ ಸಂಗತಿ ಬೇರೆಯೇ ಇತ್ತು. ಹೆಂಡತಿಯ ಹೆಸರಿಗೆ ಬಂದ ದುಡ್ಡು ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಆಕೆಯದ್ದೊಂದೇ ವ್ಯಾಪಾರ ಇದ್ದಲ್ಲಿ ಆದಾಯ ಗಂಡಸರಿಗೆ ಸಮನಾಗಿತ್ತು. ಮೀಟಿಂಗಿನಲ್ಲಿ ಕೂತವನಿಗೆ ಇದು ಹೊಸ ಸುದ್ದಿಯಲ್ಲ. ಪಾಸ್‌ಬುಕ್ಕಿನಲ್ಲಿ ಒಬ್ಬರ ಹೆಸರು, ಸರಕಿನ ಮೇಲೆ ಇನ್ನೊಬ್ಬರ ಕೈ. ಸಹಿ ಮಾತ್ರ ಆಕೆಯದ್ದು, ತೀರಿಸದಿದ್ದರೆ ತಲೆ ತಗ್ಗಿಸಬೇಕಾದವಳೂ ಆಕೆಯೇ. ಸಾಲ ಕೊಡುವಾಗ "ವ್ಯಾಪಾರ ಯಾರದ್ದು?" ಅಂತ ನಾವು ಕೇಳುತ್ತಿದ್ದೆವು. "ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ?" ಅಂತ ಕೇಳಲಿಲ್ಲ.

ಈಗ ಕಂತಿಗೆ ಬರುತ್ತೇನೆ.

ವಾರದ ಕಂತು ಹುಟ್ಟಿದ್ದು ದುರುದ್ದೇಶದಿಂದ ಅಲ್ಲ. ಬಡವರಿಗೆ ಸಾಲ ಅನ್ನುವ ಯೋಚನೆ ಹಳೆಯದು. ಜರ್ಮನಿಯ ರೈಫೈಸೆನ್ 1864ರಲ್ಲೇ ಹಳ್ಳಿಯವರ ಸಾಲದ ಸಹಕಾರ ಸಂಘ ಕಟ್ಟಿದ್ದರು. ಈಗ ನಾವು ಮೈಕ್ರೋಫೈನಾನ್ಸ್ ಅನ್ನುವುದರ ಅಚ್ಚು ತಯಾರಾದದ್ದು ಬಾಂಗ್ಲಾದೇಶದಲ್ಲಿ. 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಜೋಬ್ರಾ ಅನ್ನುವ ಹಳ್ಳಿಯಲ್ಲಿ 42 ಜನರಿಗೆ ಎಲ್ಲ ಸೇರಿ 27 ಡಾಲರಿನಷ್ಟು ದುಡ್ಡನ್ನು ತಮ್ಮ ಜೇಬಿನಿಂದ ಕೊಟ್ಟರು. 1983ರಲ್ಲಿ ಅದು ಗ್ರಾಮೀಣ್ ಬ್ಯಾಂಕ್ ಆಯಿತು, 2006ರಲ್ಲಿ ಯೂನುಸ್ ಅವರಿಗೂ ಬ್ಯಾಂಕಿಗೂ ಒಟ್ಟಿಗೆ ಶಾಂತಿ ನೊಬೆಲ್ ಬಂತು. ಅಡಮಾನ ಇಲ್ಲ, ಶ್ಯೂರಿಟಿಗೆ ಆಸ್ತಿ ಇಲ್ಲ. ಹಾಗಾಗಿ ಗುಂಪು ಮಾಡಿ, ಸಣ್ಣ ಸಣ್ಣ ಕಂತು ಮಾಡಿ, ವಾರವಾರ ಎಲ್ಲರ ಮುಂದೆ ಕಟ್ಟಿಸಿಕೊಳ್ಳುವುದು ಅಂತಾಯಿತು. ಯಾರಾದರೂ ಎಡವಿದರೆ ಎರಡನೇ ವಾರದಲ್ಲೇ ಗೊತ್ತಾಗುತ್ತದೆ. ಕೊಡುವವನ ಕಡೆಯಿಂದ ನೋಡಿದರೆ ಒಳ್ಳೆಯ ಉಪಾಯವೇ.

ತಗೊಂಡವರ ಕಡೆಯಿಂದ ಹೇಗಿರುತ್ತದೆ ಅಂತ ನನಗೆ ತೋರಿಸಿಕೊಟ್ಟವರು ಒಬ್ಬ ಟೈಲರ್ ಅಕ್ಕ. ಹೆಸರು ಬೇಡ.

ಆಕೆಯ ಹತ್ತಿರ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರ ಇತ್ತು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಕೆಲಸಕ್ಕೆ ಮಾತ್ರ ಪ್ರತಿ ಸಲ ಹೊರಗೆ ಕೊಡಬೇಕು. ಅಲ್ಲಿ ದುಡ್ಡೂ ಹೋಗುತ್ತದೆ, ಎರಡು ದಿನವೂ ಹೋಗುತ್ತದೆ. ಓವರ್‌ಲಾಕ್ ಯಂತ್ರ ಒಂದು ಮನೆಗೇ ಬಂದರೆ ಆ ಖರ್ಚು ಉಳಿಯುತ್ತದೆ, ಮೇಲಾಗಿ ಅಕ್ಕಪಕ್ಕದ ಟೈಲರ್‌ಗಳ ಕೆಲಸವನ್ನೂ ಹಿಡಿಯಬಹುದು. ಲೆಕ್ಕ ಸರಿಯಾಗಿಯೇ ಇತ್ತು. ಅರ್ಜಿ ಬರೆದದ್ದು ನಾನೇ, ಮಂಜೂರು ಮಾಡಿಸಿದ್ದೂ ನಾನೇ.

ದುಡ್ಡು ಕೈಗೆ ಬಂದ ದಿನ ಆಕೆ ಮಾಡಿದ ಮೊದಲ ಕೆಲಸ ಅದರಲ್ಲಿ ಎಂಟು ಕಂತಿನಷ್ಟು ಎಣಿಸಿ ತೆಗೆದು, ಗುಂಡಿ ಇಡುವ ತಗಡಿನ ಡಬ್ಬಿಯ ಅಡಿಯಲ್ಲಿ ಇಟ್ಟದ್ದು. ಮೇಲೆ ಒಂದು ಬಟ್ಟೆ ಮಡಿಸಿ, ಅದರ ಮೇಲೆ ಗುಂಡಿ ಸುರಿದು ಮುಚ್ಚಿದರು. ಇದು ನನಗೆ ಗೊತ್ತಾದದ್ದು ವರ್ಷಗಳ ಮೇಲೆ, ಆಕೆಯ ಲೆಕ್ಕ ಬರೆಯಲು ಕೂತಾಗ. "ಇದ್ಯಾಕಕ್ಕಾ?" ಅಂದೆ. "ಯಂತ್ರ ಬಂದು, ಮೋಟಾರು ಕೂರಿಸಿ, ಕೈ ಕೂತು, ನಾಲ್ಕು ಜನಕ್ಕೆ ಗೊತ್ತಾಗೋಕೆ ಎರಡು ತಿಂಗಳಾದರೂ ಬೇಡವೇನಪ್ಪಾ? ಅಲ್ಲಿವರೆಗೆ ನಿಂಗೆ ಕಟ್ಟೋದು ಎಲ್ಲಿಂದ?" ಅಂದರು.

ಅಂದರೆ ಸಾಲದ ಒಂದು ಪಾಲು ವ್ಯಾಪಾರದ ಮುಖವನ್ನೇ ನೋಡಲಿಲ್ಲ. ನಮ್ಮ ಆಫೀಸಿನಿಂದ ಹೊರಟು, ಡಬ್ಬಿಯಲ್ಲಿ ಎಂಟು ವಾರ ಕೂತು, ಒಂದೊಂದಾಗಿ ನಮ್ಮ ಆಫೀಸಿಗೇ ವಾಪಸ್ ಬಂತು. ಅದಕ್ಕೆ ಆಕೆ ಬಡ್ಡಿಯನ್ನೂ ಕಟ್ಟಿದರು! ಡಬ್ಬಿಯಲ್ಲಿ ಇಟ್ಟಷ್ಟು ದುಡ್ಡು ಕಡಿಮೆ ಬಿದ್ದದ್ದರಿಂದ, ಕೇಳಿಟ್ಟಿದ್ದ ಹೊಸ ಯಂತ್ರ ಬಿಟ್ಟು ಹಳೆಯದೊಂದನ್ನು ತಂದರು. ಅದು ತಿಂಗಳಿಗೊಂದು ಸಲ ಕೈಕೊಡುತ್ತಿತ್ತು. ನಮ್ಮ ರಿಜಿಸ್ಟರಿನಲ್ಲಿ ಮಾತ್ರ ಆಕೆಯದ್ದು ನೂರಕ್ಕೆ ನೂರು. ಒಂದು ಕಂತೂ ತಪ್ಪಿಲ್ಲ. ಆ ವರ್ಷದ ಸಭೆಯಲ್ಲಿ ಆಕೆಯನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಂತರ ಬೇರೆಯವರ ಲೆಕ್ಕ ಬರೆಯುವಾಗಲೂ ಇದನ್ನೇ ಹುಡುಕತೊಡಗಿದೆ. ಡಬ್ಬಿ ಬೇರೆ ಬೇರೆ, ಕಥೆ ಅದೇ. ಕೆಲವರು ಡಬ್ಬಿಯನ್ನೂ ಇಡುವುದಿಲ್ಲ. ಮೊದಲಿನಿಂದಲೇ ಬೇಗ ಮಾರಿಹೋಗುವ ಸರಕು ಮಾತ್ರ ತರುತ್ತಾರೆ. ಇವತ್ತು ತಂದದ್ದು ನಾಳೆ ದುಡ್ಡಾಗಬೇಕು, ಯಾಕೆಂದರೆ ವಾರದ ಕೊನೆಗೆ ಕಂತು. ನಿಧಾನವಾಗಿ ಫಲ ಕೊಡುವ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಹೊಸ ಯಂತ್ರ, ಹೊಸ ಕೌಶಲ, ದೂರದ ಗಿರಾಕಿ ಎಲ್ಲವೂ ಎರಡು ಮೂರು ತಿಂಗಳು ಕೇಳುತ್ತವೆ. ವ್ಯಾಪಾರವನ್ನು ದೊಡ್ಡದು ಮಾಡುವುದು ಅವೇ ತಾನೇ? ಒಂದೇ ದಾರಿಯಲ್ಲಿ ಒಂದೇ ಥರದ ಸರಕಿನ ಹತ್ತು ಅಂಗಡಿ ಯಾಕೆ ಎದ್ದು ನಿಲ್ಲುತ್ತವೆ ಅಂತ ಅಚ್ಚರಿಪಡುವವರು ಕಂತಿನ ಚೀಟಿಯನ್ನೊಮ್ಮೆ ನೋಡಬೇಕು.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕೋಲ್ಕತ್ತದ ಒಂದು ಕಿರುಸಾಲ ಸಂಸ್ಥೆಯ ಜೊತೆ ಸೇರಿ ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಎಂದಿನಂತೆ ಎರಡು ವಾರಕ್ಕೆ ಮೊದಲ ಕಂತು, ಇನ್ನು ಕೆಲವರಿಗೆ ಎರಡು ತಿಂಗಳ ಬಿಡುವು. ಬೇರೇನೂ ಬದಲಾವಣೆ ಇಲ್ಲ. ಸುಮಾರು ಮೂರು ವರ್ಷದ ಮೇಲೆ ಹೋಗಿ ನೋಡಿದರೆ, ಬಿಡುವು ಸಿಕ್ಕವರ ವ್ಯಾಪಾರದ ವಾರದ ಲಾಭ ಉಳಿದವರಿಗಿಂತ ಶೇ. 41ರಷ್ಟು ಹೆಚ್ಚಿತ್ತು. 2013ರಲ್ಲಿ ಅದು ಅಚ್ಚಾಯಿತು. ನನ್ನ ಟೈಲರ್ ಅಕ್ಕನ ಡಬ್ಬಿಯೊಳಗೆ ಇದ್ದದ್ದು ಇದೇ ಎರಡು ತಿಂಗಳು.

ಪೂರ್ತಿ ಹೇಳಿಬಿಡಬೇಕು, ಇಲ್ಲದಿದ್ದರೆ ನೀವೇ ಹೇಳುತ್ತೀರಿ. ಆ ಪ್ರಯೋಗದಲ್ಲಿ ಬಿಡುವು ಸಿಕ್ಕವರ ನಡುವೆ ಸುಸ್ತಿ ಬಿದ್ದವರೂ, ಅಂದರೆ ಸಾಲ ತೀರಿಸದೆ ಬಾಕಿ ಉಳಿಸಿಕೊಂಡವರೂ, ಜಾಸ್ತಿ ಇದ್ದರು. ಧೈರ್ಯ ಮಾಡಿದವರಲ್ಲಿ ಕೆಲವರು ಗೆದ್ದರು, ಕೆಲವರು ಸೋತರು. ವಸೂಲಿಯ ಶೇಕಡಾವಾರು ಒಂದನ್ನೇ ನೋಡಿ ಸಂಬಳ ಕೊಡುವ ಸಂಸ್ಥೆಗೆ ಇದು ನಷ್ಟದ ಬಾಬತ್ತಾಗಿ ಕಾಣುತ್ತದೆ. ಸರಿಯೇ. ಆದರೆ ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹತ್ತಿರ ಹತ್ತಿರ ಎಲ್ಲರೂ ತೀರಿಸುವ ಸಾಲ ಅಂದರೆ ಯಾರೂ ದೊಡ್ಡ ಹೆಜ್ಜೆ ಇಡದ ಸಾಲವೂ ಆಗಿರಬಹುದಲ್ವಾ? ಈ ಪ್ರಶ್ನೆ ನನ್ನ ಮ್ಯಾನೇಜರಿಗೆ ಕೇಳಿದ್ದರೆ ಆ ತಿಂಗಳ ಇನ್ಸೆಂಟಿವ್ ಹೋಗುತ್ತಿತ್ತು. ಅದಕ್ಕೇ ಈಗ ಕೇಳುತ್ತಿದ್ದೇನೆ.

ನಷ್ಟಕ್ಕೆ ದಾರಿಯೂ ಇದೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ, ಮೊದಲಿನಿಂದ ಸರಿಯಾಗಿ ಕಟ್ಟಿಕೊಂಡು ಬಂದ ಕೆಲವು ಸಾಲಗಾರರಿಗೆ ಒಂದು ಸವಲತ್ತು ಕೊಟ್ಟು ನೋಡಿತು. ವರ್ಷದ ಸಾಲದಲ್ಲಿ ಯಾವುದಾದರೂ ಎರಡು ತಿಂಗಳ ಕಂತನ್ನು ತಮಗೆ ಬೇಕಾದಾಗ ಮುಂದಕ್ಕೆ ಹಾಕಬಹುದು. ಕಾರಣ ಹೇಳಿ ಬೇಡಿಕೊಳ್ಳಬೇಕಿಲ್ಲ. ಅವರ ವ್ಯಾಪಾರ ಸುಧಾರಿಸಿತು, ಸುಸ್ತಿ ಏರುವ ಬದಲು ಇಳಿಯಿತು. ಕಷ್ಟ ಬಂದರೆ ಎರಡು ತಿಂಗಳ ಉಸಿರು ಇದೆ ಅಂತ ಗೊತ್ತಿದ್ದವನು ಧೈರ್ಯ ಮಾಡುತ್ತಾನೆ. ಆ ಸವಲತ್ತು ಕಳೆದುಕೊಳ್ಳಬಾರದು ಅಂತ ಉಳಿದ ತಿಂಗಳು ಸರಿಯಾಗಿಯೂ ಕಟ್ಟುತ್ತಾನೆ. ಗ್ರಾಮೀಣ್ ಬ್ಯಾಂಕ್ ಕೂಡ 1998ರ ದೊಡ್ಡ ಪ್ರವಾಹದ ಮೇಲೆ ವಸೂಲಿ ಕುಸಿದಾಗ ತನ್ನ ಹಳೆಯ ಬಿಗಿ ನಿಯಮಗಳನ್ನು ಬಿಚ್ಚಿ, ತೊಂದರೆಗೆ ಸಿಕ್ಕವರ ಕಂತನ್ನು ಹೊಸದಾಗಿ ಹೊಂದಿಸಿಕೊಡುವ ಪದ್ಧತಿ ತಂದಿತು. ಅಚ್ಚು ಮಾಡಿದವರೇ ಅಚ್ಚು ಬದಲಿಸಿದ್ದಾರೆ. ನೋಡಿ ಕಲಿತ ನಾವು ಇನ್ನೂ 1976ರ ಅಚ್ಚನ್ನೇ ಒತ್ತುತ್ತಿದ್ದೇವೆ.

"ಬಿಡುವು ಕೊಟ್ಟರೆ ಜನ ಮೀಟಿಂಗಿಗೇ ಬರುವುದಿಲ್ಲ" ಅನ್ನುತ್ತೀರಿ. ಮೀಟಿಂಗ್ ಬೇರೆ, ಕಂತು ಬೇರೆ. ವಾರವಾರ ಸೇರುವ ಗುಂಪಿನವರ ನಡುವೆ ಒಡನಾಟ ಬೆಳೆದು, ಮುಂದಿನ ಸಾಲದಲ್ಲಿ ಸುಸ್ತಿ ಕಡಿಮೆಯಾಗುತ್ತದೆ ಅನ್ನುವುದೂ ಅಧ್ಯಯನದಲ್ಲಿ ಕಂಡಿದೆ. ಸೇರಲಿ. ಯಾರ ಸರಕು ಓಡುತ್ತಿದೆ, ಯಾರದ್ದು ಕೂತಿದೆ ಅಂತ ಮಾತಾಡಲಿ. ಪ್ರತಿ ಸಲ ಸೇರಿದಾಗಲೂ ಒಂದು ಕಂತು ಕಟ್ಟಲೇಬೇಕು ಅಂತ ಯಾರು ಹೇಳಿದರು?

ಗುಂಪಿನ ಹೊಣೆಯ ಬಗ್ಗೆ, ಅಂದರೆ ಒಬ್ಬರು ಕಟ್ಟದಿದ್ದರೆ ಉಳಿದವರೂ ಹೊಣೆ ಅನ್ನುವುದರ ಬಗ್ಗೆಯೂ ಒಂದು ಮಾತು. ನಾನು ಮರೆಯಬೇಕು ಅಂದುಕೊಂಡರೂ ಮರೆಯಲಾಗದ ಒಂದು ಬೆಳಿಗ್ಗೆ ಇದೆ. ಒಬ್ಬಾಕೆ ಕಂತು ತಂದಿರಲಿಲ್ಲ. ನಮ್ಮ ಸಂಸ್ಥೆಯ ನಿಯಮ ಏನೆಂದರೆ, ಎಲ್ಲರದ್ದೂ ಬರುವವರೆಗೆ ಯಾರೂ ಏಳುವಂತಿಲ್ಲ. ಉಳಿದ ಒಂಬತ್ತು ಜನ ಕೂತೇ ಇದ್ದರು. ಒಬ್ಬಾಕೆ ಅಂಗಡಿಯ ಬಾಗಿಲು ತೆಗೆಯಬೇಕಿತ್ತು, ಇನ್ನೊಬ್ಬಾಕೆ ಸರಕು ಇಳಿಸಿಕೊಳ್ಳಬೇಕಿತ್ತು. ಒಂದು ಗಂಟೆಯಾಯಿತು. ಎರಡಾಯಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆ ಕಂತು ತರದಿದ್ದಾಕೆ ಎದ್ದು ಹೋಗಿ ಎಲ್ಲಿಂದಲೋ ತಂದು ಕೊಟ್ಟರು. ಎಲ್ಲಿಂದ ಅಂತ ನಾನು ಕೇಳಲಿಲ್ಲ. ಮುಂದಿನ ವಾರ ಗೊತ್ತಾಯಿತು, ನಾವು ತಪ್ಪಿಸುತ್ತೇವೆ ಅಂದುಕೊಂಡಿದ್ದ ಅದೇ ದಿನಬಡ್ಡಿಯವನಿಂದ. ನಮ್ಮ ಆ ದಿನದ ವಸೂಲಿ ನೂರಕ್ಕೆ ನೂರು. ಒಂಬತ್ತು ವ್ಯಾಪಾರಗಳ ಅರ್ಧ ದಿನ ಹಾಳಾದದ್ದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇರಲಿಲ್ಲ.

ಫಿಲಿಪ್ಪೀನ್ಸಿನಲ್ಲಿ ಒಂದು ಬ್ಯಾಂಕ್ ತನ್ನ ಕೆಲವು ಗುಂಪುಗಳಲ್ಲಿ ಜಂಟಿ ಹೊಣೆಯನ್ನು ತೆಗೆದು, ಅವರವರ ಸಾಲಕ್ಕೆ ಅವರವರೇ ಹೊಣೆ ಅಂತ ಮಾಡಿತು. ಸುಸ್ತಿ ಹೆಚ್ಚಾಗಲಿಲ್ಲ. ಹಾಗಂತ ಎಲ್ಲ ಕಡೆ ಗುಂಪು ಬೇಡ ಅನ್ನುತ್ತಿಲ್ಲ ನಾನು. ಮೊದಲ ಸಾಲಕ್ಕೆ, ಏನೂ ಇಲ್ಲದವರಿಗೆ, ಗುಂಪೇ ಶ್ಯೂರಿಟಿ. ತೊಂದರೆ ಬರುವುದು ಗುಂಪಿನಲ್ಲಿ ಒಬ್ಬರ ವ್ಯಾಪಾರ ಬೆಳೆದಾಗ. ಆಕೆಗೆ ಈಗ ಮೂರು ಪಟ್ಟು ಸಾಲ ಬೇಕು. ಉಳಿದವರು ಅಷ್ಟಕ್ಕೆ ಹೊಣೆ ನಿಲ್ಲಲು ಹೆದರುತ್ತಾರೆ, ನ್ಯಾಯವೇ. ಬ್ಯಾಂಕಿಗೆ ಹೋದರೆ ಅಡಮಾನ ಏನಿದೆ ಅನ್ನುತ್ತಾರೆ. ಹೀಗೆ ಚೆನ್ನಾಗಿ ಬೆಳೆಯುತ್ತಿದ್ದವರೇ ನಡುನೀರಿನಲ್ಲಿ ನಿಲ್ಲುತ್ತಾರೆ. ಇಲ್ಲಿಂದ ಮುಂದೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಒಂದು ಸಂಸ್ಥೆಯ ಸಾಲ ಸಾಕಾಗದ್ದಕ್ಕೆ ಇನ್ನೊಂದರದ್ದು, ಅದೂ ಸಾಕಾಗದ್ದಕ್ಕೆ ಮತ್ತೊಂದರದ್ದು. ನಾಲ್ಕು ಸಣ್ಣ ಸಾಲ ಸೇರಿ ಒಂದು ದೊಡ್ಡ ಸಾಲದ ಕೆಲಸ ಮಾಡುವುದಿಲ್ಲ. ನಾಲ್ಕು ಬೇರೆ ಬೇರೆ ದಿನ ಕಂತು ಬರುತ್ತದೆ, ಅಷ್ಟೇ.

ಪಾಕಿಸ್ತಾನದ ಒಂದು ಸಂಸ್ಥೆ ಇಂಥವರಿಗೆ ಬೇರೆ ದಾರಿ ಮಾಡಿತು. ಚಿಕ್ಕ ಸಾಲಗಳನ್ನು ತೀರಿಸಿ ಮುಗಿಸಿದವರಿಗೆ, ಹಿಂದಿನ ಮಿತಿಯ ನಾಲ್ಕು ಪಟ್ಟಿನವರೆಗೆ ಬೆಲೆ ಬಾಳುವ ಯಂತ್ರವನ್ನೋ ವಾಹನವನ್ನೋ ಕೊಡಿಸುವುದು. ತೀರುವವರೆಗೆ ಅದರ ಮೇಲೆ ಸಂಸ್ಥೆಗೂ ಹಕ್ಕು. ಯಂತ್ರವೇ ಅಡಮಾನ. ಲಾಭ ಎದ್ದು ಕಾಣುವಷ್ಟು ಏರಿತು. ನಿಮ್ಮ ಹತ್ತಿರ ಹತ್ತು ವರ್ಷದ ಪಾಸ್‌ಬುಕ್ ಇದೆ, ಯಾರು ಸರಿಯಾಗಿ ಕಟ್ಟಿದ್ದಾರೆ ಅಂತ ಬ್ಯಾಂಕಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದನ್ನು ಮುಂದಿನ ಚಿಕ್ಕ ಸಾಲ ಮಾರುವುದಕ್ಕೆ ಮಾತ್ರ ಯಾಕೆ ಬಳಸುತ್ತೀರಿ?

ಇದರ ಜೊತೆಗೇ ಒಂದು ಕಹಿ ಸತ್ಯ. ಸಾಲ ತಗೊಂಡವರೆಲ್ಲ ವ್ಯಾಪಾರ ಬೆಳೆಸುವುದಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ, ಈ ಆರು ದೇಶಗಳ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಅಚ್ಚಾದವು. ಕಿರುಸಾಲದಿಂದ ಸರಾಸರಿ ಆದಾಯ ಪವಾಡದ ಹಾಗೆ ಏರಿದ್ದು ಯಾವ ದೇಶದಲ್ಲೂ ಕಾಣಲಿಲ್ಲ. ಒಳ್ಳೆಯದೇ ಆಗಿತ್ತು, ಆದರೆ ಅಲ್ಪಸ್ವಲ್ಪ. ಆದರೆ ಸರಾಸರಿ ಅನ್ನುವುದು ಬಹಳ ಸಂಗತಿ ಮುಚ್ಚಿಡುತ್ತದೆ. ಭಾರತದ ಅಧ್ಯಯನ ನಡೆದ ಹೈದರಾಬಾದಿನ ಲೆಕ್ಕವನ್ನು ಒಡೆದು ನೋಡಿದಾಗ, ಸಾಲ ಬರುವ ಮೊದಲೇ ವ್ಯಾಪಾರ ನಡೆಸುತ್ತಿದ್ದವರು ವರ್ಷಗಳ ನಂತರವೂ ಮುಂದೆ ಇದ್ದರು. ಸಾಲ ಸಿಗುತ್ತದೆ ಅಂತ ವ್ಯಾಪಾರಕ್ಕೆ ಇಳಿದವರಿಗೆ ಹೆಚ್ಚೇನೂ ಗಿಟ್ಟಲಿಲ್ಲ. ನಮ್ಮ ಅರ್ಜಿಯಲ್ಲಿ "ಸಾಲದ ಉದ್ದೇಶ" ಅನ್ನುವ ಸಾಲಿನಲ್ಲಿ ನಾವು ಏನೆಲ್ಲ ಬರೆದಿದ್ದೇವೆ ಅಂತ ನೆನೆದರೆ ನಗು ಬರುತ್ತದೆ. ಮನೆಯ ಸೂರು ಸರಿ ಮಾಡಲು, ಆಸ್ಪತ್ರೆಗೆ, ಮಗುವಿನ ಫೀಸಿಗೆ ಬೇಕಿದ್ದ ದುಡ್ಡಿಗೆಲ್ಲ "ವ್ಯಾಪಾರ ವಿಸ್ತರಣೆ" ಅಂತಲೇ ಬರೆಯುತ್ತಿದ್ದೆವು. ಬೇರೆ ಕಾರಣ ಬರೆದರೆ ಮಂಜೂರಾಗುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಆ ಅಗತ್ಯಗಳೂ ನಿಜವೇ. ಅವಕ್ಕೂ ಸಾಲ ಬೇಕು. ಹೆಸರು ಸರಿಯಾಗಿ ಬರೆದುಕೊಂಡು ಕೊಡಿ. ಮನೆ ಖರ್ಚಿಗೆ ತಗೊಂಡವರಿಗೆ ವಾರದ ಸಣ್ಣ ಕಂತೇ ಹಿತವಾಗಿರಬಹುದು. ಯಂತ್ರಕ್ಕೆ ತಗೊಂಡವರಿಗೆ ಬಿಡುವು ಬೇಕು. ಸೀಸನ್ ವ್ಯಾಪಾರದವರಿಗೆ ಸೀಸನ್ ಮುಗಿದ ಮೇಲೆ ದೊಡ್ಡ ಕಂತು ಬೇಕು. ಒಂದೇ ಅಳತೆಯ ಅಂಗಿ ಎಲ್ಲರಿಗೂ ಹೊಲಿದರೆ ಏನಾಗುತ್ತದೆ ಅಂತ ಆ ಟೈಲರ್ ಅಕ್ಕನನ್ನೇ ಕೇಳಿ.

ಬಡ್ಡಿಯ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಹತ್ತು ಸಾವಿರ ಸಾಲ, 50 ವಾರ, ವಾರಕ್ಕೆ 230. ಒಟ್ಟು ಕಟ್ಟುವುದು 11,500. "ಬಡ್ಡಿ ಬರೀ ಶೇ. 15" ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಹತ್ತು ಸಾವಿರ ಅವರ ಕೈಯಲ್ಲಿ ಇದ್ದದ್ದು ಮೊದಲ ವಾರ ಮಾತ್ರ. ಆಮೇಲೆ ಪ್ರತಿ ವಾರ ಅಸಲು ಕರಗುತ್ತಾ ಹೋಗುತ್ತದೆ. ಉಳಿಕೆ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 29ರ ಆಸುಪಾಸು ಬರುತ್ತದೆ. ಮನೆ ಮನೆಗೆ ಹೋಗಿ ಸಣ್ಣ ಸಾಲ ಕೊಡುವುದಕ್ಕೆ ಖರ್ಚಿದೆ, ಒಪ್ಪುತ್ತೇನೆ. ಬೈಕಿನ ಪೆಟ್ರೋಲು ಹಾಕಿಸಿದವನು ನಾನೇ. ಆ ಖರ್ಚನ್ನು ಸೇರಿಸಿ ತಗೊಳ್ಳಿ. ಆದರೆ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ 29 ಅಂತಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ತನ್ನ ಸರಕಿಗೆ ಎಷ್ಟು ಲಾಭ ಬಿದ್ದರೆ ಸಾಲ ಗಿಟ್ಟುತ್ತದೆ ಅಂತ ಲೆಕ್ಕ ಹಾಕಲು ವ್ಯಾಪಾರಿಗೆ ಆ ಅಂಕಿ ಬೇಕು.

ನಿಯಮ ಬರೆಯುವವರಿಗೆ ಈ ಮಾತು. 2007ರಲ್ಲಿ ಮೆಕ್ಸಿಕೊದ ಕೊಂಪಾರ್ತಾಮೋಸ್ ಸಂಸ್ಥೆ ಷೇರು ಪೇಟೆಗೆ ಇಳಿದಾಗ, ಬಡವರ ಬಡ್ಡಿಯಿಂದ ಇಷ್ಟು ಲಾಭವೇ ಅಂತ ಯೂನುಸ್ ಅವರೇ ಬಹಿರಂಗವಾಗಿ ಟೀಕಿಸಿದರು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಸಾಲದ ಮೇಲೆ ಸಾಲ ಸುರಿದು, ವಸೂಲಿಯ ಕಿರುಕುಳದ ದೂರು ಹೆಚ್ಚಿ, ಸರ್ಕಾರ ಸುಗ್ರೀವಾಜ್ಞೆ ತಂದು, ಇಡೀ ವ್ಯವಸ್ಥೆಯೇ ಕುಸಿಯಿತು. ಆಗ ಪೆಟ್ಟು ತಿಂದವರಲ್ಲಿ ಸಾಲವನ್ನು ಸರಿಯಾಗಿ ಬಳಸುತ್ತಿದ್ದ ವ್ಯಾಪಾರಿಗಳೂ ಇದ್ದರು. ಅವರಿಗೆ ಮುಂದಿನ ಸಾಲ ಎಲ್ಲಿಂದಲೂ ಬರಲಿಲ್ಲ. 2022ರಲ್ಲಿ ಭಾರತದ ರಿಸರ್ವ್ ಬ್ಯಾಂಕ್, ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ. 50 ಮೀರಬಾರದು ಅಂತ ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಆದಾಯ ಎಷ್ಟು ಅಂತ ಬರೆದುಕೊಳ್ಳುವವನು ಯಾರು? ತಿಂಗಳ ಟಾರ್ಗೆಟ್ ತಲೆಯ ಮೇಲೆ ಹೊತ್ತ ನನ್ನಂಥ ಹುಡುಗ. ಅವನ ಇನ್ಸೆಂಟಿವ್ ಎಷ್ಟು ಸಾಲ ಕೊಟ್ಟ, ಎಷ್ಟು ವಸೂಲಿ ಮಾಡಿದ ಅನ್ನುವುದರ ಮೇಲೆ ಮಾತ್ರ ನಿಂತಿದ್ದರೆ, ಆದಾಯದ ಅಂಕಿ ಬೇಕಾದಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎಳೆದವನೇ ಹೇಳುತ್ತಿದ್ದೇನೆ.

ಹಾಗೆಯೇ, ಸಾಲ ಒಂದರಿಂದಲೇ ವ್ಯಾಪಾರ ನಿಲ್ಲುವುದಿಲ್ಲ. ನೀವು ತರಬೇತಿ ಅಂತ ಮಾಡುತ್ತೀರಲ್ಲ, ಅರ್ಧ ದಿನ ಪ್ರೊಜೆಕ್ಟರ್ ಹಾಕಿ ಜಮಾ ಖರ್ಚು, ಅಡಾವೆ ಪತ್ರಿಕೆ ಅಂತ ಹೇಳುವುದು, ಅದರಿಂದ ಲೆಕ್ಕ ಕಲಿತವರನ್ನು ನಾನು ಕಂಡಿಲ್ಲ. ಡೊಮಿನಿಕನ್ ಗಣರಾಜ್ಯದಲ್ಲಿ ಇದನ್ನೂ ಹೋಲಿಸಿ ನೋಡಿದ್ದಾರೆ. ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಮನೆಯ ದುಡ್ಡು, ವ್ಯಾಪಾರದ ದುಡ್ಡು ಬೇರೆ ಇಡುವಂಥ ಸರಳ ಸೂತ್ರ ಹೇಳಿಕೊಟ್ಟವರು ತಮ್ಮ ಪದ್ಧತಿ ಬದಲಿಸಿಕೊಂಡರು. ನಾನೂ ಈಗ ಮಾಡುವುದು ಇಷ್ಟೇ. ಎರಡು ಚೀಲ. ಒಂದರಿಂದ ಇನ್ನೊಂದಕ್ಕೆ ದುಡ್ಡು ಹೋದರೆ ಒಂದು ಗೆರೆ ಬರೆಯಬೇಕು. ಮೂರು ತಿಂಗಳಲ್ಲಿ ಅವರಿಗೇ ಗೊತ್ತಾಗುತ್ತದೆ, ವ್ಯಾಪಾರ ಮನೆ ನಡೆಸುತ್ತಿದೆಯೋ ಮನೆ ವ್ಯಾಪಾರ ನಡೆಸುತ್ತಿದೆಯೋ ಅಂತ.

ಉಳಿತಾಯದ ಖಾತೆಯೂ ಸಾಲದಷ್ಟೇ ಕೆಲಸ ಮಾಡುತ್ತದೆ. ಕೀನ್ಯಾದಲ್ಲಿ ಸಂತೆ ವ್ಯಾಪಾರದ ಹೆಂಗಸರಿಗೆ ಬರೀ ಒಂದು ಉಳಿತಾಯ ಖಾತೆ ತೆರೆದುಕೊಟ್ಟದ್ದಕ್ಕೇ ಅವರು ವ್ಯಾಪಾರಕ್ಕೆ ಹಾಕುವ ದುಡ್ಡು ಜಾಸ್ತಿಯಾಯಿತು. ಖಾತೆಗೆ ಬಡ್ಡಿಯೂ ಇರಲಿಲ್ಲ. ದುಡ್ಡು ಮನೆಯವರ ಕೈಗೆ ಸಿಗದ ಜಾಗದಲ್ಲಿ ಇತ್ತು, ಅಷ್ಟೇ. ಗುಂಡಿ ಡಬ್ಬಿಗಿಂತ ಅದು ವಾಸಿ.

ನೀವು ಒಮ್ಮೆಲೇ ಎಲ್ಲ ಬದಲಿಸಿ ಅಂತ ಕೇಳುತ್ತಿಲ್ಲ. ಒಂದು ಶಾಖೆ ಆರಿಸಿಕೊಳ್ಳಿ. ಎರಡು ಸಾಲ ಸರಿಯಾಗಿ ತೀರಿಸಿದವರಿಗೆ, ಯಂತ್ರಕ್ಕೋ ಹೊಸ ಕೆಲಸಕ್ಕೋ ಸಾಲ ಕೇಳುವವರಿಗೆ, ಮೊದಲ ಎರಡು ತಿಂಗಳು ಕಂತು ಬೇಡ ಅನ್ನಿ. ವರ್ಷಕ್ಕೆ ಎರಡು ಸಲ ಕಂತು ಮುಂದಕ್ಕೆ ಹಾಕುವ ಚೀಟಿ ಕೊಡಿ. ಆ ಶಾಖೆಯ ಹುಡುಗರ ಇನ್ಸೆಂಟಿವ್ ಅನ್ನು ಒಂದು ವರ್ಷ ವಸೂಲಿಯಿಂದ ಬಿಡಿಸಿ ಇಡಿ. ವರ್ಷದ ಕೊನೆಗೆ ಆ ಸಾಲಗಾರರ ಹತ್ತಿರ ಹೋಗಿ ಕಂತು ಕೇಳಬೇಡಿ, ಹೋದ ವರ್ಷ ದಿನಕ್ಕೆ ಎಷ್ಟು ಕೆಲಸ ಬರುತ್ತಿತ್ತು, ಈಗ ಎಷ್ಟು ಅಂತ ಕೇಳಿ. ಆ ಅಂಕಿಯನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ವಸೂಲಿಯ ಅಂಕಿಯ ಪಕ್ಕದಲ್ಲೇ ಅಚ್ಚು ಹಾಕಿ.

ಲೆಕ್ಕ ಬರೆಯುವುದಕ್ಕೆ ಜನ ಬೇಕಿದ್ದರೆ ನಾನು ಬರುತ್ತೇನೆ. ಟೈಲರ್ ಅಕ್ಕ ಹೋದ ತಿಂಗಳು ಇನ್ನೊಂದು ಸಾಲಕ್ಕೆ ಅರ್ಜಿ ಹಾಕಿದ್ದಾರೆ, ಈ ಸಲ ಕಾಜಾ ಹೊಲಿಯುವ ಯಂತ್ರಕ್ಕೆ. ಡಬ್ಬಿಯನ್ನು ಖಾಲಿ ಮಾಡಿ ಒರೆಸಿ ಇಟ್ಟಿದ್ದಾರೆ.

ಇಂತಿ,
ನಿಮ್ಮ ಹಳೆಯ ಫೀಲ್ಡ್ ಆಫೀಸರ್